ಕಾಡೇ ಪಠ್ಯವಾದ ಶಿರಸಿಯ ಕಾಲೇಜು



ಮರದ ದಪ್ಪವನ್ನು ಎಲ್ಲಿ ಅಳೆಯಬೇಕು? ಬುಡದಲ್ಲಿ ಅಳೆದರೆ ಬೇರಿನ ಉಬ್ಬಿನಿಂದ ಲೆಕ್ಕ ತಪ್ಪುತ್ತದೆ. ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಅಂದರೆ ಎದೆಮಟ್ಟದಲ್ಲಿ, ಟೇಪು ಸುತ್ತಬೇಕು. ಇಳಿಜಾರಾದರೆ ಮೇಲ್ಬದಿಯಲ್ಲಿ ನಿಂತು ಅಳೆಯಬೇಕು. ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ವ್ಯಾಸ ಸಿಕ್ಕಿತು. ಇಂಥ ವಿದ್ಯೆ ಕಲಿಸಲೆಂದೇ ಶಿರಸಿಯ ಬನವಾಸಿ ರಸ್ತೆಯಲ್ಲಿ ಒಂದು ಕಾಲೇಜಿದೆ. ಅದೇ ಅರಣ್ಯ ಮಹಾವಿದ್ಯಾಲಯ.

1878ರಲ್ಲಿ ಬ್ರಿಟಿಷರು ಡೆಹ್ರಾಡೂನಿನಲ್ಲಿ ಅರಣ್ಯ ಶಾಲೆ ತೆರೆದರು. ಮುಂದಿನ ನೂರು ವರ್ಷ ಅರಣ್ಯ ಶಿಕ್ಷಣವೆಂದರೆ ಬಹುಮಟ್ಟಿಗೆ ಇಲಾಖೆಯವರಿಗೆ ಕೊಡುವ ತರಬೇತಿ. ಮೊದಲು ನೌಕರಿ, ಆಮೇಲೆ ಓದು! ಈ ವಿದ್ಯೆ ವಿಶ್ವವಿದ್ಯಾಲಯಗಳಲ್ಲೂ ಸಿಗಬೇಕೆಂದು ರಾಷ್ಟ್ರೀಯ ಕೃಷಿ ಆಯೋಗ 1976ರಲ್ಲಿ ಶಿಫಾರಸು ಮಾಡಿತು. ಅದರ ಫಲವಾಗಿ 1985ರಲ್ಲಿ ಈ ಕಾಲೇಜು ಆರಂಭವಾಯಿತು. ಮರುವರ್ಷ ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾಗಿ, ಕಾಲೇಜು ಅದರ ಮಡಿಲು ಸೇರಿತು. ನಾಲ್ಕು ವರ್ಷದ ಬಿ.ಎಸ್ಸಿ. ಜೊತೆಗೆ ಸ್ನಾತಕೋತ್ತರ ಓದೂ ಬಂತು. 1995ರಲ್ಲಿ ಕೊಡಗಿನ ಪೊನ್ನಂಪೇಟೆಯಲ್ಲಿ ಇದರ ತಮ್ಮ ಹುಟ್ಟಿದ.

ಶಿರಸಿಗಿಂತ ಒಳ್ಳೆಯ ಜಾಗ ಎಲ್ಲಿತ್ತು? ಸಿದ್ದಾಪುರದ ಕತ್ತಲೆಕಾನಿನಲ್ಲಿ ರಾಮಪತ್ರೆ ಜಾತಿಯ ಮರಗಳ ಜೌಗು, ನಮ್ಮವರ ಮಾತಿನಲ್ಲಿ ಜಡ್ಡಿ. ಯಲ್ಲಾಪುರ ದಾಟಿ ಮುಂಡಗೋಡದತ್ತ ಹೊರಟರೆ ಎಲೆ ಉದುರುವ ತೇಗ, ಮತ್ತಿ, ನಂದಿ. ಅರ್ಧ ದಿನದ ಬಸ್ ಪ್ರಯಾಣದಲ್ಲಿ ಎರಡು ಬಗೆಯ ಕಾಡು! ಮನುಷ್ಯ ಸಂಬಂಧವೂ ಇಲ್ಲಿ ಬೇರೆ. 1 ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟದ ಸೌಲಭ್ಯವಿದ್ದ ಸೀಮೆ ಇದು. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಬಳಿ ಹಳ್ಳಿಗರು ಮರ ಅಪ್ಪಿಕೊಂಡು ಕೊಡಲಿಯನ್ನು ತಡೆದರು. ಆ ಅಪ್ಪಿಕೋ ಚಳವಳಿಯಿಂದಲೇ ಕಾಲೇಜು ಬಂತೆಂದು ಹೇಳಲಾರೆ. ಆದರೆ ಎಷ್ಟು ಕಡಿಯಬಹುದೆಂಬ ಪ್ರಶ್ನೆ ಇಲ್ಲಿ ಪುಸ್ತಕದ್ದಾಗಿರಲಿಲ್ಲ.

ಉಪ್ಪಾಗೆಯ ಉದಾಹರಣೆ ನೋಡಿ. ಮಳೆಗಾಲದಲ್ಲಿ ಹಣ್ಣು ತಂದು, ಸಿಪ್ಪೆ ಬಿಡಿಸಿ, ಒಲೆಯ ಮೇಲೆ ಒಣಗಿಸುವುದನ್ನು ನಿಮ್ಮಲ್ಲಿ ಹಲವರು ಕಂಡಿರುತ್ತೀರಿ. ಸಿಪ್ಪೆಯಲ್ಲಿರುವ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ ಬೊಜ್ಜು ಕರಗಿಸುತ್ತದೆಂಬ ಪ್ರಚಾರದಿಂದ 1990ರ ದಶಕದಲ್ಲಿ ಬೆಲೆ ಏರಿತು. ಬೇರೆಯವರು ಕೊಯ್ಯುವ ಮೊದಲೇ ಕೊಯ್ಯಬೇಕೆಂಬ ಅವಸರಕ್ಕೆ ಕಾಯಿ ಬಲಿಯುವ ಮುನ್ನವೇ ಕೊಂಬೆಗಳು ಮುರಿದವು. ಒಣಗಿಸಲು ಸೌದೆ ಬೇರೆ. ಹಾಗಾದರೆ ತೋಟದಲ್ಲೇ ಬೆಳೆಯಬಾರದೇ? ಬೀಜ ಮೊಳೆಯಲು ತಿಂಗಳುಗಳೇ ಬೇಕು. ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ವರ್ಷಗಟ್ಟಲೆ ಕಾದ ಮೇಲೆ ನಿಮ್ಮ ಮರ ಗಂಡೆಂದು ತಿಳಿದರೆ? ಹೆಣ್ಣು ಮರದ ಕುಡಿಯನ್ನು ಕಸಿ ಕಟ್ಟಿದರೆ ಆ ಅನುಮಾನವೂ ಇಲ್ಲ, ಫಲವೂ ಬೇಗ. ಉಪ್ಪಾಗೆ, ಮುರುಗಲುಗಳ ಮೇಲೆ ಈ ಕಾಲೇಜಿನವರು ಸಂಶೋಧನೆ ನಡೆಸಿದ್ದಾರೆ. ನನ್ನನ್ನು ಕೇಳಿದರೆ, ಕಾಲೇಜಿನ ಬೆಲೆ ತಿಳಿಯುವುದು ಇಂಥ ಕೆಲಸದಿಂದ.

ಓದಿದವರಿಗೆ ನೌಕರಿ? ಇದು ನೋವಿನ ಪ್ರಶ್ನೆ. ಭಾರತೀಯ ಅರಣ್ಯ ಸೇವೆಯ ಪರೀಕ್ಷೆಯನ್ನು ಭೌತಶಾಸ್ತ್ರ ಓದಿದವರೂ, ಎಂಜಿನಿಯರುಗಳೂ ಬರೆಯಬಹುದು. ವಲಯ ಅರಣ್ಯಾಧಿಕಾರಿ ಹುದ್ದೆಗಳಲ್ಲಿ ಅರಣ್ಯ ಪದವೀಧರರಿಗೆ ಎಷ್ಟು ಪಾಲು ಎಂಬ ಬಗ್ಗೆ ಶಿರಸಿ, ಪೊನ್ನಂಪೇಟೆಗಳ ವಿದ್ಯಾರ್ಥಿಗಳು ತರಗತಿ ಬಿಟ್ಟು ಧರಣಿ ಕೂತದ್ದುಂಟು. ನರ್ಸರಿ, ಕಾಗದ ಮತ್ತು ಪ್ಲೈವುಡ್ ಉದ್ಯಮ, ಬ್ಯಾಂಕು, ಸಂಶೋಧನೆ ಇವು ಉಳಿದ ದಾರಿಗಳು.

ಸೇರಲು ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು, ಪ್ರವೇಶ ಸಿಇಟಿ ಮೂಲಕ. ಕೊನೆಯ ವರ್ಷ ಹಳ್ಳಿ, ಇಲಾಖೆ, ಕಾರ್ಖಾನೆಗಳಲ್ಲಿ ಕೆಲಸದ ಅನುಭವ ಪಡೆಯಬೇಕು. ಮಲೆನಾಡಿನವರಾದರೆ ಉಂಬಳದ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ, ಬಯಲುಸೀಮೆಯವರು ಸುಣ್ಣದ ಡಬ್ಬಿ ಮರೆಯಬೇಡಿ.