ಬಡಾಬಾಗಿನ ರಸಯಾತ್ರೆ

ದ್ರಾಕ್ಷಾರಸದ ರುಚಿ ನೋಡಲು ರಸಿಕರು ನಂದಿಬೆಟ್ಟದ ಸೀಮೆಗೆ ಹೋಗುವುದುಂಟು. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಆ ಮರ್ಯಾದೆ ಮಾವಿಗೆ ಸಲ್ಲುತ್ತದೆ. ಟಿಪ್ಪುವಿನ ಕಾಲದ್ದೆಂದು ಪ್ರತೀತಿಯಿರುವ ಇಲ್ಲಿಯ ‘ಬಡಾಬಾಗ್’ ತೋಪಿನಲ್ಲಿ 100ಕ್ಕೂ ಮಿಕ್ಕ ತಳಿಗಳಿವೆ. ಅದನ್ನು ಕಾಯ್ದುಕೊಂಡು ಬಂದವರು ರೈತ ಸೈಯದ್ ಘನಿ ಖಾನ್. ನೂರಾರು ಬತ್ತದ ತಳಿಗಳನ್ನು ಉಳಿಸಿದವರೂ ಅವರೇ.

ಇಂಥ ನಾಟಿಹಣ್ಣಿಗೆ ಚಾಕು ಬೇಡ. ತೊಟ್ಟು ಮುರಿದು, ಸೊನೆ ಸುರಿಸಿ, ಅಂಗೈಗಳ ನಡುವೆ ಮೆತ್ತಗೆ ಹಿಸುಕಿ ಚೀಪಬೇಕು. ಒಂದರಲ್ಲಿ ಜೀರಿಗೆಯ ಘಮ, ಇನ್ನೊಂದರಲ್ಲಿ ಮೋಸಂಬಿಯ ಸವಿ! ಆದರೆ ರಸ ತುಂಬಿದ ಹಣ್ಣು ಲಾರಿಯ ಪ್ರಯಾಣ ತಾಳದು; ಪೇಟೆಯಲ್ಲಿ ಬಾದಾಮಿ, ತೋತಾಪುರಿಗಳದೇ ದರ್ಬಾರು. ಬೇಡಿಕೆಯಿಲ್ಲದ ಮರಕ್ಕೆ ಕೊಡಲಿಯೇ ಗತಿ. ಓಟೆಯಿಂದ ಹುಟ್ಟಿದ ಗಿಡ ತಾಯಿಯ ಗುಣವನ್ನೇ ತರುವುದೆಂಬ ಭರವಸೆಯಿಲ್ಲ. ಕಸಿ ಕಟ್ಟುವ ಮುನ್ನ ಮರ ಉರುಳಿತೆಂದರೆ ಆ ರುಚಿ ಅಲ್ಲಿಗೆ ಮುಗಿಯಿತು.

ಹೋಗುವವರು ಮೇ ತಿಂಗಳಲ್ಲೇ ಹೊರಡುವುದು ಮೇಲು.