ಎಷ್ಟು ಚದರ ಎಂದು ಕೇಳುವ ಮುನ್ನ

2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಬೆಂಗಳೂರು ಗ್ರಾಮಾಂತರದ ಎಷ್ಟೋ ರಾಗಿ ಹೊಲ, ದ್ರಾಕ್ಷಿ ತೋಟಗಳು ಲೇಔಟ್‌ಗಳಾದವು. ಎರಡಂತಸ್ತಿನಷ್ಟು ಎತ್ತರದ ಕಂಬ, ಗಾಜಿನ ಮುಖ, ಮಿರುಗುವ ಗೇಟು ಹೊತ್ತ ಮನೆಗಳು ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲದ ದಾರಿಗಳಲ್ಲೂ ಎದ್ದವು. ಇಂಥ ಮನೆಗಳನ್ನು ಕಂಡು ಹೊಟ್ಟೆಕಿಚ್ಚು ಪಡುವವರೂ ಇದ್ದಾರೆ, ನಗುವವರೂ ಇದ್ದಾರೆ. ಇಬ್ಬರ ಮಾತಿನಲ್ಲೂ ಒಂದಿಷ್ಟು ತಪ್ಪು ತಿಳಿವಳಿಕೆ ಬೆರೆತಿದೆ.

ತಪ್ಪು ಕಲ್ಪನೆ: ಮನೆ ದೊಡ್ಡದಾದರೆ ಅದು ಬರೀ ಆಡಂಬರ.

ಸತ್ಯ: ಈ ಸೀಮೆಯಲ್ಲಿ ದೊಡ್ಡ ಮನೆ ಹೊಸದೇನಲ್ಲ. ದನದ ಕೊಟ್ಟಿಗೆ, ರಾಗಿ ತುಂಬುವ ವಾಡೆ, ರೇಷ್ಮೆ ಹುಳುವಿನ ತಟ್ಟೆ, ಚಂದ್ರಂಕಿ ಎಲ್ಲಕ್ಕೂ ಸೂರು ಬೇಕಿತ್ತು. ದೊಡ್ಡಬಳ್ಳಾಪುರದ ನೇಕಾರರ ಮನೆಗಳಲ್ಲಿ ಇಂದಿಗೂ ಮಗ್ಗಕ್ಕೇ ಹೆಚ್ಚು ಜಾಗ. ಮೂರು ತಲೆಮಾರು ಒಟ್ಟಿಗೆ ಬಾಳುವಲ್ಲಿ 30 ಚದರವೂ ಇಕ್ಕಟ್ಟೇ. ಅಮೆರಿಕದ ಕಥೆ ಬೇರೆ. ಅಲ್ಲಿ ಹೊಸ ಮನೆಯ ಸರಾಸರಿ ವಿಸ್ತೀರ್ಣ 1973ರಲ್ಲಿ 1,660 ಚದರ ಅಡಿ ಇದ್ದದ್ದು 2015ರಲ್ಲಿ 2,687ಕ್ಕೆ ಏರಿತು, ಕುಟುಂಬಗಳು ಮಾತ್ರ ಚಿಕ್ಕವಾಗುತ್ತ ಬಂದವು. ಅಗತ್ಯಕ್ಕಿಂತ ದೊಡ್ಡದಾದ, ತೋರಿಕೆಯ ಮನೆಗಳನ್ನು ಅಲ್ಲಿನವರು ‘ಮ್ಯಾಕ್‌ಮ್ಯಾನ್ಶನ್’ ಎಂದು ಗೇಲಿ ಮಾಡುತ್ತಾರೆ. ಮನೆ ದೊಡ್ಡದೋ ಚಿಕ್ಕದೋ ಎಂಬುದನ್ನು ಒಳಗಿನ ಬದುಕು ಹೇಳಬೇಕು.

ತಪ್ಪು ಕಲ್ಪನೆ: ಜಮೀನು ಮಾರಿ ದಿಢೀರ್ ದುಡ್ಡು ಕಂಡವರೇ ಹೀಗೆ ಕಟ್ಟುವುದು.

ಸತ್ಯ: ಹೊಲ ಕೊಟ್ಟ ರೈತ ಎಷ್ಟೋ ಸಲ ಮೇಲಿನ ಮಹಡಿಗಳನ್ನು ಬಾಡಿಗೆಗೆಂದೇ ಕಟ್ಟುತ್ತಾನೆ. ದೊಡ್ಡಬಳ್ಳಾಪುರದ ಅಪ್ಯಾರೆಲ್ ಪಾರ್ಕ್, ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯ ಕಾರ್ಖಾನೆಗಳಿಗೆ ಬರುವವರಿಗೆ ಮನೆ ಬೇಕು, ಬೆಳೆ ಕಳೆದುಕೊಂಡ ರೈತನಿಗೆ ತಿಂಗಳ ವರಮಾನ ಬೇಕು. ನಗರದ ಸಂಬಳದಾರರು ಸಾಲ ಮಾಡಿ ಕೊಳ್ಳುವ ವಿಲ್ಲಾಗಳಲ್ಲೂ ಅದೇ ಎತ್ತರದ ಹಾಲ್, ಅದೇ ಅಲಂಕಾರದ ಕಂಬ. ಹಳ್ಳಿಯವರ ರುಚಿಯನ್ನು ಮಾತ್ರ ಹೀಗಳೆಯುವುದು ಸರಿಯಲ್ಲ.

ತಪ್ಪು ಕಲ್ಪನೆ: ಕಂಬ ದಪ್ಪಗಿದೆ, ನೆಲಕ್ಕೆ ಗ್ರಾನೈಟ್ ಇದೆ. ಮನೆ ಗಟ್ಟಿಯೇ ಇರಬೇಕು.

ಸತ್ಯ: ಮನೆಯ ಬಲ ಇರುವುದು ಪ್ಲಾಸ್ಟರಿನ ಹಿಂದೆ. ಭಾರತೀಯ ಮಾನಕ ಐಎಸ್ 456ರ ಪ್ರಕಾರ ಕಬ್ಬಿಣ ಹಾಕಿದ ಕಾಂಕ್ರೀಟು ಕನಿಷ್ಠ ಎಂ-20 ದರ್ಜೆಯದಾಗಿರಬೇಕು. ಕೈಲೆಕ್ಕದಲ್ಲಿ ಕಲಸುವಾಗ 50 ಕೆ.ಜಿ.ಯ ಒಂದು ಚೀಲ ಸಿಮೆಂಟಿಗೆ 30 ಲೀಟರಿಗಿಂತ ಹೆಚ್ಚು ನೀರು ಕೂಡದು. ಸುರಿಯಲು ಸಲೀಸಾಗಲಿ ಎಂದು ಇನ್ನೆರಡು ಬಕೆಟ್ ಹೊಯ್ದರೆ ಕಾಂಕ್ರೀಟು ಅಷ್ಟಕ್ಕಷ್ಟು ಬಡವಾಗುತ್ತದೆ. ಕ್ಯೂರಿಂಗ್, ಅಂದರೆ ಕಾಂಕ್ರೀಟಿಗೆ ನೀರುಣಿಸುವುದು, ಮಾಮೂಲಿ ಸಿಮೆಂಟಿಗೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟಾದ ಪಿಪಿಸಿಗೆ 10 ದಿನ. ನಾಲ್ಕೂವರೆ ಮೀಟರಿಗಿಂತ ಹೆಚ್ಚು ಅಗಲದ ಸ್ಲ್ಯಾಬಿನ ಆಧಾರಗಳನ್ನು 14 ದಿನ ಕದಲಿಸಬಾರದು. ವಿಶಾಲವಾದ ಹಾಲ್ ಬಯಸುವವರು ಈ ನಿಯಮವನ್ನು ಮೊದಲು ಕೇಳಿ ತಿಳಿಯಬೇಕು.

ಬೋರ್‌ವೆಲ್ ಬತ್ತಿದ ಕಡೆ ಕ್ಯೂರಿಂಗ್ ನೀರೂ ಟ್ಯಾಂಕರಿನಲ್ಲೇ ಬರಬೇಕು. ‘ಅಡಿಗೆ ಇಷ್ಟು’ ಎಂದು ರೇಟು ಮಾತಾಡಿ, ಅದರಲ್ಲೂ ಚೌಕಾಸಿ ಮಾಡಿದಾಗ ಕಂಟ್ರಾಕ್ಟರ್ ಮೊದಲು ಉಳಿಸುವುದು ಇಂಥ ಕಡೆಯೇ. ಟೈಲ್ಸ್ ಕಡಿಮೆಯಾದರೆ ಮಾಲೀಕನಿಗೆ ಗೊತ್ತಾಗುತ್ತದೆ, ಮೂರು ದಿನದ ಕ್ಯೂರಿಂಗ್ ಕಡಿಮೆಯಾದರೆ ಗೊತ್ತಾಗುವುದಿಲ್ಲ. ಮಣ್ಣು ತುಂಬಿಸಿ ಸಮ ಮಾಡಿದ ಸೈಟಿನಲ್ಲಿ ಪಾಯ ಮೂಲ ಗಟ್ಟಿ ನೆಲವನ್ನು ಮುಟ್ಟದಿದ್ದರೆ ಮೇಲಿನ ಗ್ರಾನೈಟಿನಿಂದ ಯಾವ ಉಪಕಾರವೂ ಇಲ್ಲ.

ತಪ್ಪು ಕಲ್ಪನೆ: ಗಾಜು ಹೆಚ್ಚಿದ್ದಷ್ಟೂ ಮನೆಗೆ ಗಾಳಿ ಬೆಳಕು.

ಸತ್ಯ: ತೆರೆಯಲಾಗದ ಗಾಜು ಬೆಳಕಿನ ಜೊತೆ ಬಿಸಿಯನ್ನೂ ಒಳಗೆ ಬಿಡುತ್ತದೆ, ಗಾಳಿಯನ್ನು ಬಿಡುವುದಿಲ್ಲ. ಪಡುವಣ ಗೋಡೆಯ ತುಂಬ ಗಾಜಿಟ್ಟರೆ ಏಪ್ರಿಲ್ ಸಂಜೆಗಳಲ್ಲಿ ಎ.ಸಿ. ಇಲ್ಲದೆ ಕೂರುವುದು ಕಷ್ಟ. ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಗೆ ಕೇಳುವ ಎತ್ತರ 2.75 ಮೀಟರ್, ಅಂದರೆ ಸುಮಾರು 9 ಅಡಿ. ಅದರ ಮೇಲಿನದು ಶೋಕಿಗೆ. ಎದುರುಬದುರು ಕಿಟಕಿ, ಅದಕ್ಕೊಂದು ಸಜ್ಜಾ ಇದ್ದರೆ ಈ ಹವೆಗೆ ಸಾಕು.

ತಪ್ಪು ಕಲ್ಪನೆ: ಪಂಚಾಯಿತಿ ಖಾತೆ ಇದೆ, ರೇರಾ ಇದೆ, ಇನ್ನೇನು ಭಯ?

ಸತ್ಯ: ಖಾತೆ ತೆರಿಗೆಯ ದಾಖಲೆ. ಕೃಷಿ ಜಮೀನಾದರೆ ಭೂ ಪರಿವರ್ತನೆಯೂ ಬೇಕು, ವಿಮಾನ ನಿಲ್ದಾಣ ಪ್ರದೇಶದ ಬಿಯಾಪ ಅಥವಾ ಹೊಸಕೋಟೆ, ನೆಲಮಂಗಲದಂಥ ಯೋಜನಾ ಪ್ರಾಧಿಕಾರ ಒಪ್ಪಿದ ಲೇಔಟೂ ಆಗಿರಬೇಕು. ರಿಯಲ್ ಎಸ್ಟೇಟ್ ವಹಿವಾಟನ್ನು ನಿಯಂತ್ರಿಸುವ ರೇರಾ ಕಾಯ್ದೆ ಕೊಳ್ಳುವವರಿಗೆ ಬಲವಾದ ಆಸರೆ ಹೌದು. ಮನೆ ಕೈಗೆ ಬಂದ 5 ವರ್ಷದೊಳಗೆ ಕಟ್ಟಡದ ದೋಷ ತೋರಿಸಿದರೆ ಬಿಲ್ಡರ್ 30 ದಿನದಲ್ಲಿ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು. ಸ್ವಂತ ಸೈಟಿನಲ್ಲಿ ಮೇಸ್ತ್ರಿಯಿಂದ ಕಟ್ಟಿಸಿಕೊಂಡವರಿಗೆ ಈ ಆಸರೆ ಇಲ್ಲ. ಅವರಿಗೆ ಕರಾರು ಪತ್ರವೇ ಮುಖ್ಯ ಆಧಾರ.

ತಪ್ಪು ಕಲ್ಪನೆ: ಭರ್ಜರಿಯಾಗಿ ಕಟ್ಟಿದರೆ ಮುಂದೆ ಭರ್ಜರಿ ಬೆಲೆ.

ಸತ್ಯ: ಏರುವುದು ನೆಲದ ಬೆಲೆ. ಕಟ್ಟಡ ವರ್ಷ ವರ್ಷ ಹಳತಾಗುತ್ತದೆ, ಬ್ಯಾಂಕಿನ ಮೌಲ್ಯಮಾಪಕ ಅದರ ವಯಸ್ಸನ್ನು ಕಳೆದೇ ಲೆಕ್ಕ ಹಾಕುತ್ತಾನೆ. ಲಾಭ ಬೇಕಾದರೆ ಬಳಕೆಗೆ ಬರುವುದಕ್ಕೆ ಖರ್ಚು ಮಾಡಬೇಕು. ವರ್ಷಕ್ಕೆ 800 ಮಿ.ಮೀ. ಆಸುಪಾಸು ಮಳೆ ಬೀಳುವ ಜಿಲ್ಲೆಯಲ್ಲಿ 10 ಚದರದ ತಾರಸಿಯ ಮೇಲೆ 70 ಸಾವಿರ ಲೀಟರಿಗೂ ಹೆಚ್ಚು ನೀರು ಸುರಿಯುತ್ತದೆ. ಎರಡು ಅಲಂಕಾರದ ಕಂಬ ಬಿಟ್ಟು ಆ ದುಡ್ಡಲ್ಲಿ ಮಳೆನೀರಿನ ಸಂಪು ಕಟ್ಟಿದವರು ಬೇಸಿಗೆಯ ಟ್ಯಾಂಕರ್ ಖರ್ಚನ್ನಾದರೂ ಉಳಿಸುತ್ತಾರೆ.

ರಸ್ತೆಗೆ ಕಾಣುವುದಕ್ಕೆ ಸುರಿದು, ಗೋಡೆಯೊಳಗೆ ಅಡಗುವುದರಲ್ಲಿ ಉಳಿಸಿದ ಮನೆಯೇ ನಿಜವಾದ ಅಗ್ಗದ ಮನೆ. 12 ಚದರದ್ದೂ ಅಂಥದ್ದಾಗಬಹುದು, 40 ಚದರದ್ದು ಆಗದೆಯೂ ಇರಬಹುದು. ಆದ್ದರಿಂದ ಅಡ್ವಾನ್ಸ್ ಕೊಡುವ ಮುಂಚೆ ಕಾಂಕ್ರೀಟಿನ ದರ್ಜೆ, ಕಬ್ಬಿಣದ ವಿವರ, ಕ್ಯೂರಿಂಗ್ ದಿನಗಳನ್ನು ಕರಾರಿನಲ್ಲಿ ಬರೆಸಿಕೊಳ್ಳಿ. ಪ್ರತಿ ಸ್ಲ್ಯಾಬಿಗೆ ಮೊದಲು ಹೊರಗಿನ ಇಂಜಿನಿಯರ್ ಒಬ್ಬರು ಬಂದು ಕಬ್ಬಿಣ ನೋಡಲಿ. ಎಲಿವೇಷನ್ ಚಿತ್ರವನ್ನು ಆಮೇಲೆ ತೋರಿಸಿದರಾಯಿತು.