ಕ್ಯೂಬಾದ ಸ್ವಾತಂತ್ರ್ಯವೂ ಮೈಸೂರಿನ ಒಡಂಬಡಿಕೆಯೂ

ಹರಿಹರದ ಊರಾಚೆ ಹಿಂದೆ ಒಂದು ದಂಡು ಇದ್ದಿತು. 1865ರವರೆಗೆ ಇಂಗ್ಲೀಷರ ಕೈಕೆಳಗಿನ ದೇಶೀ ಸಿಪಾಯಿಗಳ ಪಟಾಲಮು ಅಲ್ಲಿ ಬೀಡುಬಿಟ್ಟಿದ್ದಿತು. ನೆಲ ಮೈಸೂರಿನದು, ಬಂದೂಕು ಪರರದು. ಇದು ಹೇಗಾಯಿತೆಂಬುದನ್ನು ಬಲ್ಲ ಹರಿಹರ ದಾವಣಗೆರೆಗಳ ಮಹಾಜನರಿಗೆ, ಸ್ವತಂತ್ರವೆನಿಸಿಕೊಂಡ ಕ್ಯೂಬಾ ದ್ವೀಪವನ್ನು ಅಮೇರಿಕವು ಹೇಗೆ ಅಂಕೆಯಲ್ಲಿಟ್ಟುಕೊಂಡಿತೆಂಬುದನ್ನು ತಿಳಿಸುವುದು ಕಷ್ಟವಲ್ಲ.

1898ರಲ್ಲಿ ಸ್ಪೇನಿನ ಮೇಲೆ ಯುದ್ಧಕ್ಕೆ ಹೊರಟಾಗ ಅಮೇರಿಕದ ಶಾಸನಸಭೆಯು, ಕ್ಯೂಬಾದ ಒಡೆತನ ತನಗೆ ಬೇಡವೆಂದು ಲೋಕದ ಮುಂದೆ ಸಾರಿತು. ಅದೇ ವರ್ಷದ ಡಿಸೆಂಬರಿನಲ್ಲಿ ಪ್ಯಾರಿಸಿನಲ್ಲಿ ಸಂಧಿಯಾಯಿತು. ಪೋರ್ಟೊರಿಕೊ, ಗುವಾಮ್‌ಗಳು ಅಮೇರಿಕದ ಪಾಲಾದುವು; ಫಿಲಿಪೈನ್ಸ್ ದ್ವೀಪಗಳಿಗೆ 2 ಕೋಟಿ ಡಾಲರ್ ಬೆಲೆ ಕಟ್ಟಿದರು. ಅಲ್ಲಿಯ ಜನರನ್ನು ಕೇಳಿದವರಾರು? ಕ್ಯೂಬಾದ ವಿಷಯದಲ್ಲಿ ಮಾತ್ರ ಕೊಟ್ಟ ಮಾತು ಅಡ್ಡಬಂದಿತು. ಮಾತನ್ನು ಉಳಿಸಿಕೊಂಡು ಅದರ ಹುರುಳನ್ನು ಹಿಂದಕ್ಕೆ ಪಡೆಯುವ ಉಪಾಯವು 1901ರಲ್ಲಿ ಹೊಳೆಯಿತು. ಸೆನೆಟರ್ ಪ್ಲ್ಯಾಟ್‌ರ ಹೆಸರಿನ ತಿದ್ದುಪಡಿಯೇ ಅದು. ಕ್ಯೂಬಾ ತನ್ನ ಸ್ವಾತಂತ್ರ್ಯಕ್ಕೆ ಕುಂದು ತರುವ ಕರಾರನ್ನು ಪರರಾಜ್ಯದೊಡನೆ ಮಾಡಿಕೊಳ್ಳತಕ್ಕದ್ದಲ್ಲ. ಆ ಸ್ವಾತಂತ್ರ್ಯವನ್ನು "ರಕ್ಷಿಸಲು" ಅಮೇರಿಕವು ನಡುವೆ ಪ್ರವೇಶಿಸಬಹುದು. ನೌಕಾಬಲಕ್ಕೆ ನೆಲವನ್ನು ಕೊಡತಕ್ಕದ್ದು. ಒಪ್ಪುವವರೆಗೆ ಸೈನ್ಯ ತೆರಳದು. ಕ್ಯೂಬಾದ ಪ್ರತಿನಿಧಿಗಳು 16 ಮತಗಳಿಂದ ಒಪ್ಪಿದರು. ವಿರೋಧವಾಗಿ ಬಿದ್ದ 11 ಮತಗಳನ್ನು ನಾವು ಗೌರವದಿಂದ ನೆನೆಯುತ್ತೇವೆ.

ಈಗ ವಾಚಕರು 1799ರ ಜುಲೈ ತಿಂಗಳ ಶ್ರೀರಂಗಪಟ್ಟಣದ ಒಡಂಬಡಿಕೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಸಿಂಹಾಸನದ ಮೇಲೆ ಐದು ವರ್ಷದ ಬಾಲಕ. ವರ್ಷಕ್ಕೆ 7 ಲಕ್ಷ ವರಹ ಪೊಗದಿ. ಕಂಪೆನಿಗೆ ತಿಳಿಯದೆ ಪರರಾಜ್ಯದೊಡನೆ ಪತ್ರವ್ಯವಹಾರ ಕೂಡದು. ರಾಜ್ಯದೊಳಗೆ ಕಂಪೆನಿಯ ಸೈನ್ಯ. ಇವೆಲ್ಲಕ್ಕಿಂತ ಹರಿತವಾದ ಷರತ್ತು ಇನ್ನೊಂದು. ಪೊಗದಿ ತಪ್ಪಬೇಕಾಗಿಲ್ಲ, ತಪ್ಪೀತೆಂಬ ಶಂಕೆ ಗವರ್ನರ್ ಜನರಲ್ಲರ ಮನಸ್ಸಿಗೆ ಬಂದರೂ ಸಾಕು, ಸೀಮೆಯ ಆಡಳಿತವನ್ನು ಕೈಗೆ ತೆಗೆದುಕೊಳ್ಳಬಹುದು. ವಾದಿಯೇ ನ್ಯಾಯಾಧಿಪತಿ! ಅಮೇರಿಕದವರು ನಮ್ಮ ಮೈಸೂರಿನ ಕಾಗದವನ್ನು ಓದಿದ್ದರೆಂದು ನಾವು ಹೇಳುವುದಿಲ್ಲ. ಬಲಿಷ್ಠನು ಬರೆಯುವ ಪತ್ರಕ್ಕೆ ಮೇಲ್ಪಂಕ್ತಿ ಬೇಕಾಗುವುದಿಲ್ಲ.

ಎರಡು ಕಾಗದಗಳ ಫಲವೂ ಒಂದೇ ಜಾತಿಯದು. ನಗರ ಸೀಮೆಯ ರೈತರ ದಂಗೆಯ ತರುವಾಯ 1831ರಲ್ಲಿ ಬೆಂಟಿಂಕನು ಮೈಸೂರಿನ ಆಡಳಿತವನ್ನು ತೆಗೆದುಕೊಂಡನು. ಅದು ಅರಸುಮನೆತನಕ್ಕೆ ಹಿಂದಿರುಗಿದುದು 1881ರಲ್ಲಿ. ದಂಗೆಗೆ ಕಾರಣಗಳು ಇರಲಿಲ್ಲವೆಂದಲ್ಲ; ರೈತನ ಗೋಳು ನಿಜವಾದುದೇ. ಆದರೆ ಗೋಳನ್ನು ಕೇಳಲು ಬಂದವನು ಐವತ್ತು ವರ್ಷ ಮನೆಯಲ್ಲೇ ಉಳಿದನು. ಕ್ಯೂಬಾದಲ್ಲಿ ಚುನಾವಣೆಯ ಜಗಳದಿಂದ ದಂಗೆಯೆದ್ದಾಗ ಅಧ್ಯಕ್ಷ ಎಸ್ಟ್ರಾಡಾ ಪಾಲ್ಮನೇ ಅಮೇರಿಕವನ್ನು ಕರೆದನು. 1906ರಿಂದ 1909ರವರೆಗೆ ಅಮೇರಿಕದ ಅಧಿಕಾರಿಗಳೇ ಅಲ್ಲಿ ಆಳಿದರು. ಅವಧಿ ಕಿರಿದು, ಹಕ್ಕು ಅದೇ.

ಪ್ಲ್ಯಾಟ್ ತಿದ್ದುಪಡಿಯು 1934ರಲ್ಲಿ ರದ್ದಾಯಿತು. ಆದರೆ 1903ರಲ್ಲಿ ವರ್ಷಕ್ಕೆ 2000 ಡಾಲರ್ ಚಿನ್ನದ ನಾಣ್ಯದ ಗುತ್ತಿಗೆಗೆ ಪಡೆದ ಗ್ವಾಂಟಾನಮೊ ನೌಕಾನೆಲೆಯು ಮಾತ್ರ ಇಂದಿಗೂ ಅಮೇರಿಕದ ವಶದಲ್ಲಿದೆ. ಅಮೇರಿಕವು ತಾನಾಗಿ ಬಿಟ್ಟುಹೋಗಬೇಕು, ಇಲ್ಲವೆ ಇಬ್ಬರೂ ಒಪ್ಪಬೇಕು. ಅಲ್ಲಿಯವರೆಗೆ ಗುತ್ತಿಗೆ ಮುಗಿಯದೆಂದು 1934ರ ಹೊಸ ಕರಾರಿನಲ್ಲಿಯೇ ಬರೆದಿದೆ.